ಮಗನಿಗಾಗಿ ಕೇಳಲು ಶುರು ಮಾಡಿದ ‘ದ ಬ್ರೀಫಿಂಗ್’ ಪಾಡ್‌ಕಾಸ್ಟ್: ಆರು ತಿಂಗಳ ಮೇಲೆ ನನ್ನ ಅಭಿಪ್ರಾಯ

‘ಮನೇಲಿ ಒಂದು ಗಂಡಸಿನ ದನಿ ಇರಬೇಕಮ್ಮ. ಇಲ್ಲದಿದ್ರೆ ಹುಡುಗ ಕೈತಪ್ಪಿ ಹೋಗ್ತಾನೆ.’

ನನ್ನ ಯಜಮಾನರು ತೀರಿಕೊಂಡ ಮೇಲೆ ಈ ಮಾತನ್ನು ಎಷ್ಟು ಜನ ಹೇಳಿದರೋ ಲೆಕ್ಕವಿಲ್ಲ. ಮಣ್ಣಿಗೆ ಬಂದವರು ಹೇಳಿದರು. ನಮ್ಮ ಚರ್ಚಿನ ಸಭೆಯವರು ಹೇಳಿದರು. ಎದುರು ಮನೆಯ ಅಜ್ಜಿ ಈಗಲೂ ಹೇಳುತ್ತಾರೆ. ಯಜಮಾನರು ಹರಿಹರದ ಕಾರ್ಖಾನೆಯೊಂದರಲ್ಲಿ ಟರ್ನರ್ ಆಗಿದ್ದರು. ಬೆಳಿಗ್ಗೆ ಆರೂವರೆಗೆ ಡಬ್ಬಿ ಹಿಡಿದು ಬಸ್ಸಿಗೆ ಹೋಗುತ್ತಿದ್ದರು. ಆರು ವರ್ಷದ ಹಿಂದೆ ಒಂದು ದಿನ ಎದೆನೋವು ಅಂದರು, ಅಷ್ಟೇ. ಮಗನಿಗೆ ಆಗ 13. ಈಗ 19, ಎಂಜಿನಿಯರಿಂಗ್ ಎರಡನೇ ವರ್ಷ. ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಮೂರು ಪಾಳಿಯ ಕೆಲಸ.

ಹೋದ ವರ್ಷ ಮಗನ ಮೊಬೈಲಿನಲ್ಲಿ ಬೇರೆ ಬೇರೆ ಗಂಡಸರ ದನಿ ಕೇಳಿಸಲು ಶುರುವಾಯಿತು. ದೊಡ್ಡ ತೋಳು, ದೊಡ್ಡ ಕಾರು, ದೊಡ್ಡ ಗಂಟಲು. ಗಂಡಸು ಅಳಬಾರದು, ಹೆಂಗಸರ ಮಾತು ಕೇಳಬಾರದು, ದುಡ್ಡಿಲ್ಲದವನು ಗಂಡಸೇ ಅಲ್ಲ. ಒಂದೊಂದು ವಿಡಿಯೊ ಅರ್ಧ ನಿಮಿಷ. ಅಂಥವು ದಿನಕ್ಕೆ ನೂರು. ಒಂದು ಸಂಜೆ ನಾನು ಅಕ್ಕಿ ಆರಿಸುತ್ತ ಕೂತಿದ್ದೆ. ಏನಪ್ಪ ಇದು ಅಂತ ಕೇಳಿದೆ. ‘ನಿನಗೆ ಗೊತ್ತಾಗಲ್ಲಮ್ಮ, ಇದು ಗಂಡಸರ ವಿಷಯ’ ಅಂದ. ಸಿಟ್ಟಿನಿಂದ ಹೇಳಲಿಲ್ಲ. ಮೆತ್ತಗೇ ಹೇಳಿದ. ಅದಕ್ಕೇ ನನಗೆ ಜಾಸ್ತಿ ಭಯ ಆಯಿತು.

ಆಗ ನಮ್ಮ ಸಭೆಯ ಹಿರಿಯರೊಬ್ಬರು ಈ ಪಾಡ್‌ಕಾಸ್ಟ್ ಹೇಳಿದರು. ಅವರ ಮಗಳು ಅಮೆರಿಕದ ಟೆಕ್ಸಸ್‌ನಲ್ಲಿದ್ದಾಳೆ. ಅವಳ ಗಂಡ ದಿನಾ ಕೆಲಸಕ್ಕೆ ಹೋಗುತ್ತ ಕಾರಿನಲ್ಲಿ ಇದನ್ನು ಕೇಳುತ್ತಾನಂತೆ. ಕೂಗಾಡದೆ, ಓದಿಕೊಂಡು ಮಾತಾಡುವ ಮನುಷ್ಯ, ಹುಡುಗನಿಗೆ ಕೇಳಿಸಿ ನೋಡಮ್ಮ ಅಂದರು. ಕೇಳಿಸಿದೆ. ನಾನೂ ಕೇಳಿದೆ. ಇದೇ ಚಿಂತೆಯಲ್ಲಿರುವ ಬೇರೆ ತಾಯಂದಿರು, ತಂದೆಯರು ಇರಬಹುದು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ‘ದ ಬ್ರೀಫಿಂಗ್’ ಅಂದರೆ ಸೋಮವಾರದಿಂದ ಶುಕ್ರವಾರದವರೆಗೆ ಬರುವ ಮಾತಿನ ಕಾರ್ಯಕ್ರಮ. ಒಂದು ಕಂತು ಸುಮಾರು 25 ನಿಮಿಷ. ಒಬ್ಬರೇ ಮಾತಾಡುತ್ತಾರೆ. ಅವರು ಆಲ್ಬರ್ಟ್ ಮೋಲರ್. ಕೆಂಟಕಿ ರಾಜ್ಯದ ಲೂಯಿವಿಲ್ ಊರಿನಲ್ಲಿರುವ ಸದರ್ನ್ ಬ್ಯಾಪ್ಟಿಸ್ಟ್ ಥಿಯಾಲಾಜಿಕಲ್ ಸೆಮಿನರಿಗೆ, ಅಂದರೆ ಪಾಸ್ಟರ್‌ಗಳನ್ನು ತಯಾರು ಮಾಡುವ ಶಾಲೆಗೆ, ಅಧ್ಯಕ್ಷರು. 1993ರಲ್ಲಿ, 33ನೇ ವಯಸ್ಸಿನಲ್ಲಿ ಆ ಕುರ್ಚಿಗೆ ಬಂದವರು. ಅಂದಿನ ಸುದ್ದಿಯನ್ನು ತೆಗೆದುಕೊಂಡು, ಅದನ್ನು ಕ್ರೈಸ್ತ ವಿಶ್ವಾಸಿ ಹೇಗೆ ನೋಡಬೇಕು ಅಂತ ಬಿಡಿಸಿ ಹೇಳುವುದು ಅವರ ಕ್ರಮ. ಅಮೆರಿಕದ ಕೋರ್ಟು, ಚುನಾವಣೆ, ಶಾಲೆ, ಮದುವೆ, ಸಿನಿಮಾ, ಎಲ್ಲವೂ ಬರುತ್ತದೆ. ಅವರು ಸಂಪ್ರದಾಯವಾದಿ. ಅದನ್ನು ಮುಚ್ಚಿಡುವುದಿಲ್ಲ.

ದುಡ್ಡು ಕೊಡಬೇಕಾಗಿಲ್ಲ. ಯಾವ ಪಾಡ್‌ಕಾಸ್ಟ್ ಆ್ಯಪಿನಲ್ಲಾದರೂ ಸಿಗುತ್ತದೆ. ಪೂರ್ತಿ ಇಂಗ್ಲಿಷ್. ಉಚ್ಚಾರ ಸ್ಪಷ್ಟವಾಗಿದೆ. ಆದರೆ ವಾಕ್ಯಗಳು ಉದ್ದ. ಮೊದಲ ವಾರ ನನಗೆ ಅರ್ಧವೂ ಹಿಡಿಯಲಿಲ್ಲ. ಆಮೇಲೆ ಎರಡು ದಾರಿ ಕಂಡುಕೊಂಡೆ. ಒಂದು, ವೇಗವನ್ನು ಸ್ವಲ್ಪ ಇಳಿಸಿ ಕೇಳುವುದು. ಇನ್ನೊಂದು, ಅವರ ವೆಬ್‌ಸೈಟಿನಲ್ಲಿ ಆಡಿದ ಮಾತನ್ನೆಲ್ಲ ಬರಹದಲ್ಲಿ ಹಾಕುತ್ತಾರೆ, ಅದನ್ನು ಮುಂದಿಟ್ಟುಕೊಂಡು ಕೇಳುವುದು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ಬರಹ ದೊಡ್ಡ ಸಹಾಯ. ಗದ್ದಲ ಏನೂ ಇಲ್ಲ. ಕೊನೆಗೆ ತಮ್ಮ ಸೆಮಿನರಿಯ ಹೆಸರು, ಅದರ ಬಾಯ್ಸ್ ಕಾಲೇಜಿನ ಹೆಸರು ಹೇಳಿ ಮುಗಿಸುತ್ತಾರೆ.

ಇದರ ಒಳ್ಳೆಯದನ್ನು ಮನಸಾರೆ ಹೇಳಬೇಕು. ನಮ್ಮ ಆಸ್ಪತ್ರೆಯಲ್ಲಿ ಹೊಸ ನರ್ಸುಗಳಿಗೆ ನಾನು ಮೊದಲು ಕಲಿಸುವುದು ಇದನ್ನೇ. ಜ್ವರ ಅಂದರೆ ಕಾಯಿಲೆ ಅಲ್ಲ. ಮಾತ್ರೆ ಕೊಟ್ಟರೆ ಚಾರ್ಟಿನಲ್ಲಿ ಗೆರೆ ಇಳಿಯುತ್ತದೆ. ಆದರೆ ಒಳಗೆ ಏನಾಗಿದೆ ಅಂತ ಹುಡುಕದಿದ್ದರೆ ರಾತ್ರಿ ಮತ್ತೆ ಏರುತ್ತದೆ. ಮೋಲರ್ ಸುದ್ದಿಯನ್ನು ನೋಡುವುದು ಹಾಗೆ. ಒಂದು ಕಾನೂನು ಬಂತು ಅಂದರೆ ಅದು ಸರಿಯೋ ತಪ್ಪೋ ಅಂತ ತಕ್ಷಣ ಹೇಳಿಬಿಡುವುದಿಲ್ಲ. ಇದನ್ನು ಬರೆದವರು ಮನುಷ್ಯ ಅಂದರೆ ಏನು ಅಂತ ನಂಬಿದ್ದಾರೆ? ಮದುವೆ ಅಂದರೆ ಏನು ಅಂತ ನಂಬಿದ್ದಾರೆ? ಅಲ್ಲಿಂದ ಶುರು ಮಾಡುತ್ತಾರೆ. ಅವರ ತೀರ್ಮಾನ ನನಗೆ ಎಷ್ಟೋ ಸಲ ಒಪ್ಪಿಗೆಯಾಗಲಿಲ್ಲ. ಆದರೆ ಆ ಹುಡುಕುವ ರೀತಿ ಮಗನಿಗೆ ಹಿಡಿಸಿತು. ಅರ್ಧ ನಿಮಿಷದ ವಿಡಿಯೊ ನೋಡುತ್ತಿದ್ದವನು 25 ನಿಮಿಷ ಒಂದೇ ವಿಷಯದ ಮೇಲೆ ಕೂತ. ಅದೇ ನನಗೆ ದೊಡ್ಡ ಸಮಾಧಾನ.

ಇದರ ಜೊತೆಗೆ ಅವರ ಒಂದು ಹಳೆಯ ಲೇಖನವೂ ಸಿಕ್ಕಿತು. ಹುಡುಗ ಯಾವಾಗ ಗಂಡಸಾಗುತ್ತಾನೆ ಅನ್ನುವುದರ ಮೇಲೆ. ಅದರಲ್ಲಿ 13 ಗುರುತುಗಳನ್ನು ಕೊಡುತ್ತಾರೆ. ವಿಶ್ವಾಸದಲ್ಲಿ ಬಲಿತಿರಬೇಕು, ದುಡಿದು ಹಣ ನಿಭಾಯಿಸಬೇಕು, ಮೈಯಲ್ಲಿ ಶಕ್ತಿ ಇರಬೇಕು, ಮಾತಾಡಲು ಬರಬೇಕು, ನಡತೆ ಗಟ್ಟಿ ಇರಬೇಕು, ಹೀಗೆ. ನಾನು ಅದನ್ನು ಕನ್ನಡ ಮಾಡಿ ಹಳೆ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದೆ. ದಿನಕ್ಕೊಂದು ಗುರುತು, ಕುಟುಂಬ ಪ್ರಾರ್ಥನೆ ಆದ ಮೇಲೆ ಹದಿನೈದು ನಿಮಿಷ. 13 ರಾತ್ರಿ ಕೂರಬೇಕು. ಆಮೇಲೆ ನಿನ್ನ ಮೊಬೈಲ್ ವಿಷಯಕ್ಕೆ ನಾನು ಬರುವುದಿಲ್ಲ ಅಂತ ಮಗನ ಹತ್ತಿರ ಒಪ್ಪಂದ ಮಾಡಿಕೊಂಡೆ.

ಹಣದ ರಾತ್ರಿಯನ್ನು ನಾನು ಮರೆಯುವುದಿಲ್ಲ. ಗಂಡಸು ಅಂದರೆ ಹಣ ನಿಭಾಯಿಸುವವನು ಅಂತ ಓದಿದೆವು. ಸರಿ, ನಿಭಾಯಿಸು ಅಂತ ನಾನು ಬೀರು ತೆಗೆದು ಎಲ್ಲ ಕಾಗದ ಹೊರಗೆ ಹಾಕಿದೆ. ನನ್ನ ಸಂಬಳದ ಚೀಟಿ, ಎಲ್‌ಐಸಿ ಕಂತು, ಬಡಾವಣೆಯ ಹೆಂಗಸರ ಚೀಟಿ, ಕಾಲೇಜಿನ ಫೀಸು ರಸೀದಿ, ಯಜಮಾನರ ಪಿಎಫ್ ಕಾಗದ. ಒಂದು ಪಂಚೆಯಷ್ಟು ಜಾಗ ತುಂಬಿತು. ಅವನು ಕ್ಯಾಲ್ಕ್ಯುಲೇಟರ್ ಹಿಡಿದು ಕೂತ. ತಿಂಗಳ ಕೊನೆಗೆ ಎಷ್ಟು ಉಳಿಯುತ್ತದೆ ಅಂತ ಕೂಡಿದ. ಎರಡನೇ ಸಲ ಕೂಡಿದ. ಆಮೇಲೆ ನನ್ನ ಮುಖ ನೋಡಿದ. ‘ಇಷ್ಟರಲ್ಲಿ ಹೇಗಮ್ಮ?’ ಅಂದ. ಆರು ವರ್ಷದಲ್ಲಿ ಅವನು ಕೇಳದಿದ್ದ ಪ್ರಶ್ನೆ ಅದು. ನಾನೂ ಅವನಿಗೆ ತೋರಿಸಿರಲಿಲ್ಲ. ಓದುವ ಹುಡುಗನ ತಲೆಗೆ ಭಾರ ಬೇಡ ಅಂತ ಮುಚ್ಚಿಟ್ಟಿದ್ದೆ. ಅದು ನನ್ನ ತಪ್ಪು ಅಂತ ಅವತ್ತು ತಿಳಿಯಿತು.

ಮೈಶಕ್ತಿಯ ರಾತ್ರಿಯೂ ಹಾಗೇ. ಶಕ್ತಿ ಅಂದರೆ ಜಿಮ್ಮಿನ ತೂಕ ಅಂತ ಅವನು ಅಂದುಕೊಂಡಿದ್ದ. ನಾನು ಅವನನ್ನು ಮಂಚದ ಮೇಲೆ ಮಲಗಿಸಿದೆ. ಪಾರ್ಶ್ವವಾಯು ಆದ 80 ಕಿಲೋ ಮನುಷ್ಯನನ್ನು ಹೇಗೆ ಮಗ್ಗುಲು ತಿರುಗಿಸಬೇಕು ಅಂತ ತೋರಿಸಿದೆ. ಬೆನ್ನು ಬಗ್ಗಿಸಬಾರದು, ಮಂಡಿ ಬಗ್ಗಿಸಬೇಕು. ರೋಗಿಯ ಆಚೆ ಬದಿಯ ಮಂಡಿ ಮಡಚಿ, ನಮ್ಮ ಕಡೆಗೆ ಹೊರಳಿಸಬೇಕು. ಎರಡು ಗಂಟೆಗೊಮ್ಮೆ ತಿರುಗಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಆಮೇಲೆ ಅವನು ನನ್ನನ್ನು ತಿರುಗಿಸಿದ. ಬೆವರು ಬಂತು. ‘ನೀನು ರಾತ್ರಿಯೆಲ್ಲ ಇದನ್ನೇ ಮಾಡ್ತೀಯಾ?’ ಅಂದ.

ಆ 13 ಗುರುತುಗಳಲ್ಲಿ ಬೇರೆಯವರನ್ನು ಗೌರವಿಸಬೇಕು ಅನ್ನುವುದೂ ಇದೆ. ಆದರೆ ಕಾಯಿಲೆಯವರ ಆರೈಕೆ ಮಾಡುವುದನ್ನು ಒಂದು ಗುರುತಾಗಿ ಅವರು ಎಣಿಸಿಲ್ಲ. ಗಂಡಸು ಕಾಪಾಡುತ್ತಾನೆ, ಮುನ್ನಡೆಸುತ್ತಾನೆ, ದುಡಿದು ತರುತ್ತಾನೆ. ಸರಿಯೇ. ನನ್ನ ಯಜಮಾನರೂ ಇದೆಲ್ಲ ಮಾಡಿದರು. ಆದರೆ ನನಗೆ ಟೈಫಾಯ್ಡ್ ಆದಾಗ ಅವರು ಎರಡು ವಾರ ಗಂಜಿ ಮಾಡಿ, ಬಟ್ಟೆ ಒಗೆದು, ಆಮೇಲೆ ಬಸ್ಸಿಗೆ ಹೋಗುತ್ತಿದ್ದರು. ಅದು ಎಷ್ಟನೇ ಗುರುತು?

ಪುರುಷರ ಭಾನುವಾರದ ಆರಾಧನೆಗೆ ಒಂದು ಸಲ ಬ್ಯಾನರ್ ಕಟ್ಟಿದ್ದರು. ಬೈಬಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 16ನೇ ಅಧ್ಯಾಯ, 13ನೇ ವಚನ. ಎಚ್ಚರವಾಗಿರಿ, ಧೈರ್ಯವಾಗಿರಿ, ಬಲವಾಗಿರಿ ಅನ್ನುವ ಅರ್ಥದ್ದು. ದೊಡ್ಡ ಅಕ್ಷರದಲ್ಲಿತ್ತು. ಅದರ ಮುಂದಿನ ವಚನ ಬ್ಯಾನರಿನಲ್ಲಿ ಇರಲಿಲ್ಲ. ಮಾಡುವುದನ್ನೆಲ್ಲ ಪ್ರೀತಿಯಿಂದ ಮಾಡಿರಿ ಅಂತ ಅದು ಹೇಳುತ್ತದೆ. ಎರಡನ್ನೂ ಒಂದೇ ಉಸಿರಿನಲ್ಲಿ ಬರೆದಿದ್ದಾನೆ ಪೌಲ. ಈ ಪಾಡ್‌ಕಾಸ್ಟ್ ಕೇಳುವಾಗ ನನಗೆ ಆ ಬ್ಯಾನರ್ ನೆನಪಾಗುತ್ತದೆ. 13ನೇ ವಚನ ಜಾಸ್ತಿ, 14 ಕಡಿಮೆ.

ನಾಯಕತ್ವದ ವಿಷಯಕ್ಕೆ ಬರುತ್ತೇನೆ. ಮೋಲರ್ ಅವರ ಇಷ್ಟದ ವಿಷಯ ಇದು. ನಾಯಕನಿಗೆ ನಡತೆ ಮುಖ್ಯ ಅಂತ ಅವರು ವರ್ಷಗಳಿಂದ ಹೇಳಿಕೊಂಡು ಬಂದವರು. 2016ರ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್ ಅವರನ್ನು ಇದೇ ಕಾರಣಕ್ಕೆ ಬಹಿರಂಗವಾಗಿ ವಿರೋಧಿಸಿದರು. 2020ರಲ್ಲಿ ಅವರಿಗೇ ಮತ ಹಾಕುತ್ತೇನೆ ಅಂತ ಬಹಿರಂಗವಾಗಿಯೇ ಹೇಳಿದರು. ಗರ್ಭಪಾತ, ನ್ಯಾಯಾಧೀಶರ ನೇಮಕ, ಪಕ್ಷದ ನಿಲುವು, ಹೀಗೆ ತಮ್ಮ ಕಾರಣ ಕೊಟ್ಟರು. ಇದನ್ನು ಕಂಡುಹಿಡಿದವನು ಮಗ. ‘ನಡತೆ ಮುಖ್ಯ ಅಂದವರು ಆಮೇಲೆ ಅದು ಅಷ್ಟು ಮುಖ್ಯ ಅಲ್ಲ ಅಂದರಾ?’ ಅಂತ ಕೇಳಿದ. ಅಭಿಪ್ರಾಯ ಬದಲಾಗುವುದು ಪಾಪವಲ್ಲ. ಬದಲಾಗಿದೆ ಅಂತ ಎದುರಿಗೇ ಹೇಳುವುದು ಮೆಚ್ಚುವ ವಿಷಯ. ಆದರೂ ಹುಡುಗನ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರ ಇರಲಿಲ್ಲ. ಇಲ್ಲ ಅಂತಲೇ ಹೇಳಿದೆ. ನಮ್ಮಲ್ಲೂ ಮತ ಹಾಕುವಾಗ ಜಾತಿ, ಪಕ್ಷ, ನಮ್ಮ ಕೆಲಸ ಆಗುತ್ತದಾ ಅಂತ ನೋಡುತ್ತೇವೆ, ಮನುಷ್ಯನ ನಡತೆ ಕೊನೆಗೆ ಅಲ್ವಾ?

ಅವರ ಬಗ್ಗೆ ನನಗೆ ಗೌರವ ಹೆಚ್ಚಿಸಿದ ಸಂಗತಿ ಇನ್ನೊಂದಿದೆ. ಅವರ ಸೆಮಿನರಿ ಶುರುವಾದದ್ದು 1859ರಲ್ಲಿ, ಸೌತ್ ಕ್ಯಾರೊಲೈನಾದ ಗ್ರೀನ್‌ವಿಲ್‌ನಲ್ಲಿ. ಅದನ್ನು ನಡೆಸುವ ಸದರ್ನ್ ಬ್ಯಾಪ್ಟಿಸ್ಟ್ ಪಂಗಡ ಹುಟ್ಟಿದ್ದೇ 1845ರಲ್ಲಿ, ಗುಲಾಮರನ್ನು ಇಟ್ಟುಕೊಳ್ಳುವ ವಿಷಯದಲ್ಲಿ ಉತ್ತರದವರ ಜೊತೆ ಜಗಳವಾಗಿ. 2018ರ ಡಿಸೆಂಬರಿನಲ್ಲಿ ಸೆಮಿನರಿ ತನ್ನದೇ ಹಳೆಯ ಚರಿತ್ರೆಯನ್ನು ಶೋಧಿಸಿ ಒಂದು ವರದಿ ಹೊರಗೆ ಹಾಕಿತು. ಸೆಮಿನರಿಯನ್ನು ಕಟ್ಟಿದ ನಾಲ್ಕು ಜನ ಬೋಧಕರೂ ಗುಲಾಮರನ್ನು ಇಟ್ಟುಕೊಂಡಿದ್ದರು, ಒಟ್ಟು ಐವತ್ತಕ್ಕೂ ಹೆಚ್ಚು ಜನರನ್ನು. ಆ ವರದಿ ಮಾಡಿಸಿದವರು ಮೋಲರ್. ನಮ್ಮ ಸಂಸ್ಥೆಗಳು ತಮ್ಮ ಬಗ್ಗೆ ಇಂಥ ಕಾಗದವನ್ನು ತಾವಾಗಿ ಹೊರಗೆ ಹಾಕುವುದನ್ನು ನಾನು ಕಂಡಿಲ್ಲ. ಆ ನಾಲ್ವರಲ್ಲಿ ಒಬ್ಬರು ಜೇಮ್ಸ್ ಬಾಯ್ಸ್. ದಿನಾ ಕಂತಿನ ಕೊನೆಗೆ ಬರುವ ಕಾಲೇಜಿನ ಹೆಸರು ಅವರದೇ. ಸತ್ಯ ಹೇಳಿದರು, ಹೆಸರು ಉಳಿಸಿಕೊಂಡರು. ಕೇಳಿದಾಗಲೆಲ್ಲ ನನಗೆ ಎರಡೂ ನೆನಪಾಗುತ್ತವೆ.

ಇನ್ನು ಹೆಂಗಸರ ವಿಷಯ. ಇಲ್ಲಿ ನನಗೆ ನೋವಾಗಿದೆ. ಅವರ ಪಂಗಡದಲ್ಲಿ ಸಭಾಪಾಲಕರು ಗಂಡಸರೇ ಆಗಿರಬೇಕು. 2000ದಲ್ಲಿ ಅದನ್ನು ತಮ್ಮ ವಿಶ್ವಾಸದ ಹೇಳಿಕೆಯಲ್ಲಿ ಬರೆದುಕೊಂಡರು. 2023ರ ಜೂನಿನಲ್ಲಿ ನ್ಯೂ ಆರ್ಲಿಯನ್ಸ್ ಸಮ್ಮೇಳನದಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಎಂಬ ಬಹು ದೊಡ್ಡ ಚರ್ಚನ್ನು ಹೊರಗಿಟ್ಟಿದ್ದನ್ನು ದೊಡ್ಡ ಬಹುಮತದಿಂದ ಖಾಯಂ ಮಾಡಿದರು. ಕಾರಣ, ಅಲ್ಲಿ ಹೆಂಗಸರು ಪಾಸ್ಟರ್ ಆಗಿದ್ದರು. ಹೊರಗಿಡುವ ಪರವಾಗಿ ಎದ್ದು ಮಾತಾಡಿದವರು ಮೋಲರ್. ಇದಕ್ಕೆ ಅವರು ತೋರಿಸುವ ಮುಖ್ಯ ವಾಕ್ಯ ಪೌಲನು ತನ್ನ ಶಿಷ್ಯ ತಿಮೊಥೆಗೆ ಬರೆದ ಮೊದಲ ಪತ್ರದಲ್ಲಿದೆ. ಹೆಂಗಸು ಉಪದೇಶ ಮಾಡಬಾರದು ಅಂತ.

ನಾನು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದವಳು. ನಮ್ಮಲ್ಲಿ ಹೆಣ್ಣು ಅಯ್ಯನವರು, ಅಂದರೆ ಸಭಾಪಾಲಕರು, ಇದ್ದಾರೆ. 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಪುಷ್ಪಲಲಿತಾ ಅವರು ಬಿಷಪ್ ಆದರು. ಆದರೆ ನನ್ನ ನೋವು ಹುದ್ದೆಯದ್ದಲ್ಲ. ಆ ತಿಮೊಥೆ ಯಾರು? ಅವನ ತಂದೆ ಗ್ರೀಕನು ಅಂತ ಅಪೊಸ್ತಲರ ಕೃತ್ಯಗಳಲ್ಲಿ ಒಂದು ಮಾತು ಬರುತ್ತದೆ, ಅಷ್ಟೇ. ವಿಶ್ವಾಸ ಬಂದದ್ದು ಅಜ್ಜಿ ಲೋವಿಯಿಂದ, ತಾಯಿ ಯೂನಿಕೆಯಿಂದ. ಹೆಸರು ಹಿಡಿದು ಬರೆದವನು ಪೌಲನೇ, ಎರಡನೇ ಪತ್ರದ ಶುರುವಿನಲ್ಲೇ. ಚಿಕ್ಕಂದಿನಿಂದ ಅವನಿಗೆ ಪವಿತ್ರ ಗ್ರಂಥ ಗೊತ್ತು ಅಂತಲೂ ಅದೇ ಪತ್ರದಲ್ಲಿದೆ. ಯಾರು ಹೇಳಿಕೊಟ್ಟಿರಬೇಕು? ಅಕ್ಕಿ ಆರಿಸುತ್ತಲೋ, ಹಿಟ್ಟು ನಾದುತ್ತಲೋ ಹೇಳಿಕೊಟ್ಟಿರಬೇಕು. ಗಂಡಸುತನ ಮತ್ತು ಮನೆಯ ಬಗ್ಗೆ ಇಷ್ಟು ಗಂಟೆ ಕೇಳಿದೆ. ನಾನು ಕೇಳಿದ ಕಂತುಗಳಲ್ಲಿ ಲೋವಿ, ಯೂನಿಕೆಯರ ಮೇಲೆ ನಿಂತು ಮಾತಾಡಿದ್ದು ನನಗೆ ಸಿಗಲಿಲ್ಲ. ತಂದೆ ಇಲ್ಲದ ಮನೆ ಅಂದರೆ ಅಲ್ಲಿ ಏನೋ ಕುಸಿದಿದೆ ಅನ್ನುವ ದನಿಯೇ ಜಾಸ್ತಿ. ಕುಸಿದಿದೆ, ನಿಜ. ಆ ಕುಸಿದ ಕಡೆ ಒಬ್ಬಳು ನಿಂತಿದ್ದಾಳೆ. ಅವಳ ಕಡೆ ನೋಡಿ ಒಂದು ಮಾತು ಬೇಡವಾ?

ನಮ್ಮ ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಓಬವ್ವನ ಕಿಂಡಿ ನೋಡದ ಮಗು ಈ ಕಡೆ ಇಲ್ಲ. ಕಾವಲಿನ ಗಂಡ ಊಟಕ್ಕೆ ಬಂದಿದ್ದ. ನೀರು ತರಲು ಹೋದವಳು ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಗ್ಗುವುದನ್ನು ಕಂಡಳು. ಕೈಗೆ ಸಿಕ್ಕ ಒನಕೆ ಹಿಡಿದಳು. ಈ ಕಥೆ ಹೇಳುವಾಗ ನಮ್ಮ ಯಾವ ಗಂಡಸಿಗೂ ಅವಮಾನ ಆಗುವುದಿಲ್ಲ. ಎದೆ ಉಬ್ಬಿಸಿಯೇ ಹೇಳುತ್ತಾರೆ. ಅವಳ ಗಂಡ ಮುದ್ದಹನುಮನನ್ನು ಕಡಿಮೆ ಗಂಡಸು ಅಂತ ಯಾರೂ ಅನ್ನುವುದಿಲ್ಲ.

ಪಾಡ್‌ಕಾಸ್ಟಿನ ಅರ್ಧ ಭಾಗ ಅಮೆರಿಕದ ಕೋರ್ಟು, ಕಾನೂನು. ನಮಗೆ ಅದು ದೂರ. ಗರ್ಭಪಾತದ ಹಕ್ಕನ್ನು ಅಲ್ಲಿನ ಸುಪ್ರೀಂ ಕೋರ್ಟ್ 2022ರ ಜೂನ್ 24ರಂದು ತೆಗೆದುಹಾಕಿ ರಾಜ್ಯಗಳಿಗೆ ಬಿಟ್ಟಿತು. ಅವರ ಎಷ್ಟೋ ಮಾತು ಅದರ ಸುತ್ತ ತಿರುಗುತ್ತದೆ. ಹೊಟ್ಟೆಯಲ್ಲಿರುವ ಮಗುವಿನ ಬಗ್ಗೆ ಅವರಿಗಿರುವ ಕಾಳಜಿ ನನಗೂ ಇದೆ. ಆದರೆ ನಮ್ಮಲ್ಲಿ ಆ ವಿಷಯ ಬೇರೆ ಕಡೆಯಿಂದ ಬರುತ್ತದೆ. ಇಲ್ಲಿ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು 1971ರಿಂದಲೇ ಇದೆ. ನಮ್ಮ ಪ್ರತಿ ಸ್ಕ್ಯಾನಿಂಗ್ ಕೋಣೆಯ ಗೋಡೆಯ ಮೇಲೆ ಇರುವ ಬೋರ್ಡು ಬೇರೆಯದು. ಭ್ರೂಣದ ಲಿಂಗ ಪತ್ತೆ ಮಾಡುವುದು ಅಪರಾಧ ಅಂತ. ಅದು 1994ರ ಕಾನೂನು. ಯಾಕೆ ಬೇಕಾಯಿತು ಆ ಬೋರ್ಡು? 2011ರ ಜನಗಣತಿಯಲ್ಲಿ ದೇಶದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 920ಕ್ಕಿಂತ ಕಡಿಮೆ ಹೆಣ್ಣುಮಕ್ಕಳಿದ್ದರು. ಹೆರಿಗೆ ವಾರ್ಡಿನಲ್ಲಿ ನಾನು ವರ್ಷಗಟ್ಟಲೆ ಇದ್ದೆ. ಮೂರನೇ ಹೆಣ್ಣುಮಗು ಅಂತ ಹೇಳಿದಾಗ ಬಾಗಿಲಲ್ಲಿ ನಿಂತವರ ಮುಖ ಹೇಗಾಗುತ್ತದೆ ಅಂತ ನನಗೆ ಗೊತ್ತು. ಗಂಡಸರು ಎಲ್ಲಿ ಹೋದರು ಅಂತ ಅಮೆರಿಕದವರು ಕೇಳುತ್ತಾರೆ. ಇಲ್ಲಿ ಗಂಡು ಗಂಡು ಅಂತಲೇ ಹುಟ್ಟುವ ಮೊದಲಿನಿಂದ ಹಂಬಲಿಸಿದ್ದೇವೆ. ಹಾಗೆ ಹಂಬಲಿಸಿ ಹೆತ್ತ ಹುಡುಗನಿಗೆ ಮತ್ತೆ ಗಂಡಸಾಗು, ಗಂಡಸಾಗು ಅಂತ ಕೂಗಿ ಹೇಳುವುದು ಎಲ್ಲಿಗೆ ಮುಟ್ಟುತ್ತದೆ? ಇದನ್ನು ನಮ್ಮವರೇ ಯಾರಾದರೂ ಕನ್ನಡದಲ್ಲಿ ಮಾತಾಡಬೇಕು. ಲೂಯಿವಿಲ್‌ನಿಂದ ಅದನ್ನು ನಿರೀಕ್ಷಿಸುವುದು ಸರಿಯಲ್ಲ.

ಈ ಆರು ತಿಂಗಳಲ್ಲೇ ಮಗ ವಾಲಿಬಾಲ್‌ಗೆ ಸೇರಿದ. ನಮ್ಮ ಮನೆ ಹತ್ತಿರದ ಹೈಸ್ಕೂಲ್ ಮೈದಾನದಲ್ಲಿ ಬೆಳಿಗ್ಗೆ ಐದೂವರೆಗೆ. ಕಲಿಸುವವರು ನಿವೃತ್ತ ಪಿಟಿ ಮೇಷ್ಟ್ರು. ಲಿಂಗಾಯತರು, ಹಣೆಯಲ್ಲಿ ವಿಭೂತಿ ಇಲ್ಲದೆ ಮೈದಾನಕ್ಕೆ ಬರುವವರಲ್ಲ. ಮೊದಲು ಬಂದವನು ಮೈದಾನಕ್ಕೆ ನೀರು ಹಾಕಬೇಕು. ಗೆದ್ದ ತಂಡ ನೆಟ್ ಬಿಚ್ಚಿ ಸುತ್ತಬೇಕು, ಸೋತವರಲ್ಲ. ಗೆದ್ದವನಿಗೆ ಕೆಲಸ ಜಾಸ್ತಿ ಅನ್ನುವುದು ಅವರ ಕಾನೂನು. ಒಬ್ಬ ಹುಡುಗನಿಗೆ ಕಾಲು ಉಳುಕಿದರೆ ಅವನನ್ನು ಮನೆ ಮುಟ್ಟಿಸಿಯೇ ಆಟ ಮುಂದುವರಿಯುತ್ತದೆ. ನನಗೆ ರಾತ್ರಿ ಪಾಳಿ ಇದ್ದ ಒಂದು ದಿನ ಮಗನಿಗೆ ಜ್ವರ ಬಂತು. ಮೇಷ್ಟ್ರು ಕಾಯಿಪೇಟೆಯಿಂದ ಎಳನೀರು ತಂದುಕೊಟ್ಟು, ನಾನು ಬರುವವರೆಗೆ ಜಗಲಿಯಲ್ಲಿ ಪೇಪರ್ ಓದುತ್ತ ಕೂತಿದ್ದರು. ಒಂದು ಉಪದೇಶ ಮಾಡಲಿಲ್ಲ.

ಆ ಆಟ ಹುಟ್ಟಿದ್ದು ಎಲ್ಲಿ ಅಂತ ಮಗನೇ ಹುಡುಕಿದ. 1895ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಹೋಲಿಯೋಕ್ ಊರಿನಲ್ಲಿ, ವಿಲಿಯಂ ಮಾರ್ಗನ್ ಎಂಬವರಿಂದ. ಅವರು ಅಲ್ಲಿನ ವೈಎಂಸಿಎಯ, ಅಂದರೆ ಕ್ರೈಸ್ತ ಯುವಕರ ಸಂಘದ, ವ್ಯಾಯಾಮ ನಿರ್ದೇಶಕರು. ನಾಲ್ಕು ವರ್ಷ ಮುಂಚೆ, 1891ರಲ್ಲಿ, ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಬಾಸ್ಕೆಟ್‌ಬಾಲ್ ಕಂಡುಹಿಡಿದಿದ್ದರು. ಗಂಡಸರಿಗೆ ಗಟ್ಟಿ ಮೈಯೂ ಇರಲಿ, ಗಟ್ಟಿ ವಿಶ್ವಾಸವೂ ಇರಲಿ ಅಂತ ಆ ಕಾಲದ ಕ್ರೈಸ್ತರು ಮಾಡಿದ ಚಿಂತೆಯ ಫಲ ಇವೆರಡು ಆಟ. ಅಂದರೆ ಇವತ್ತು ಮೋಲರ್ ಮಾಡುತ್ತಿರುವ ಚಿಂತೆ ಹೊಸದಲ್ಲ. ನೂರು ವರ್ಷಕ್ಕೂ ಹಳೆಯದು. ಅದು ಚೆಂಡಾಗಿ ನಮ್ಮ ಹಳ್ಳಿ ಹಳ್ಳಿಗೂ ಬಂದಿದೆ. ವಿಭೂತಿ ಹಚ್ಚಿದ ಮೇಷ್ಟ್ರ ಕೈಯಲ್ಲಿದೆ. ಇದನ್ನು ಓದಿ ನನಗೆ ತುಂಬ ಸಂತೋಷವಾಯಿತು.

ಇನ್ನೊಂದು ಹೆಸರು ನೆನಪಾಗುತ್ತದೆ. ಬಿಲ್ ಮೆಕಾರ್ಟ್ನಿ. ಕೊಲೊರಾಡೊ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಕೋಚ್ ಆಗಿದ್ದವರು. 1990ರಲ್ಲಿ ಪ್ರಾಮಿಸ್ ಕೀಪರ್ಸ್ ಅಂತ ಕ್ರೈಸ್ತ ಗಂಡಸರ ಚಳವಳಿ ಶುರು ಮಾಡಿದವರು. ಸ್ಟೇಡಿಯಂ ತುಂಬ ಗಂಡಸರು ಸೇರಿ, ಒಳ್ಳೆಯ ಗಂಡ ಆಗುತ್ತೇನೆ, ಒಳ್ಳೆಯ ತಂದೆ ಆಗುತ್ತೇನೆ ಅಂತ ಮಾತು ಕೊಡುತ್ತಿದ್ದರು. 1997ರ ಅಕ್ಟೋಬರಿನಲ್ಲಿ ವಾಷಿಂಗ್ಟನ್‌ನಲ್ಲಿ ಲಕ್ಷಗಟ್ಟಲೆ ಜನ ಸೇರಿದರು. ಆದರೆ ನನಗೆ ಮುಖ್ಯ ಅನ್ನಿಸಿದ್ದು 1994. ಹೆಸರು ಉತ್ತುಂಗದಲ್ಲಿದ್ದಾಗ ಅವರು ಕೋಚ್ ಕೆಲಸ ಬಿಟ್ಟರು. ಊರಿಗೆಲ್ಲ ಮನೆಯ ಪಾಠ ಹೇಳುವಾಗ ತಮ್ಮ ಮನೆಯಲ್ಲಿ ಹೆಂಡತಿ ಬಳಲುತ್ತಿದ್ದರು. ಮನೆಗೆ ಹೋದರು. ಸುದ್ದಿಯ ವಿಶ್ಲೇಷಣೆಯಿಂದ ಇಂಥದ್ದು ಕಲಿಯಲು ಆಗುವುದಿಲ್ಲ. ಒಬ್ಬ ಮನುಷ್ಯನ ಜೀವನವನ್ನೇ ನೋಡಬೇಕು.

ಹಾಗಾದರೆ ಕೇಳಬೇಕಾ, ಬೇಡವಾ? ಇಂಗ್ಲಿಷ್ ಓದಿ ತಿಳಿದುಕೊಳ್ಳುವವರು, ಕಾಲೇಜಿನ ಹುಡುಗರು, ಸಭೆಯಲ್ಲಿ ಯೌವನಸ್ಥರ ಕೂಟ ನಡೆಸುವವರು ಕೇಳಿ. ಅಮೆರಿಕದ ಸಂಪ್ರದಾಯಸ್ಥ ಕ್ರೈಸ್ತರು ಯಾಕೆ ಹಾಗೆ ಯೋಚಿಸುತ್ತಾರೆ ಅಂತ ಅವರ ಬಾಯಿಂದಲೇ ತಿಳಿಯುತ್ತದೆ. ಬೇರೆಯವರು ಹೇಳಿದ್ದು ಕೇಳಿ ಬೈಯುವುದಕ್ಕಿಂತ ಇದು ಎಷ್ಟೋ ವಾಸಿ. ಒಬ್ಬರೇ ಕೇಳಬೇಡಿ. ಪಕ್ಕದಲ್ಲಿ ಒಬ್ಬರಿರಲಿ, ನಿಲ್ಲಿಸಿ ಮಾತಾಡಿ. ಹುಡುಗನ ಕೈಗೆ ಸುಮ್ನೆ ಕೊಟ್ಟು ಬಿಟ್ಟರೆ ಇದೂ ಇನ್ನೊಂದು ದನಿ ಆಗಿ ಹೋಗುತ್ತದೆ. ಗಂಡನನ್ನು ಕಳೆದುಕೊಂಡು ಇನ್ನೂ ಒಂದೆರಡು ವರ್ಷ ಆಗಿರದ ತಾಯಂದಿರು ಸದ್ಯಕ್ಕೆ ಬೇಡ. ಮನೆ ಕುಸಿಯುವ ಮಾತು ಮತ್ತೆ ಮತ್ತೆ ಬಂದು ಎದೆಗೆ ತಾಗುತ್ತದೆ. ಐದರಲ್ಲಿ ನಾನು ಮೂರೂವರೆ ಕೊಡುತ್ತೇನೆ. ಬರಹದ ಸೌಲಭ್ಯಕ್ಕೂ ಆ ಶಾಂತ ದನಿಗೂ ಅದರಲ್ಲಿ ದೊಡ್ಡ ಪಾಲು.

ಈಗ ನಾವು ದಿನಾ ಕೇಳುವುದಿಲ್ಲ. ಶುಕ್ರವಾರದ್ದನ್ನು ಮಾತ್ರ ತಪ್ಪಿಸುವುದಿಲ್ಲ. ಅವತ್ತು ಕೇಳುಗರು ಕಳಿಸಿದ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಸಣ್ಣ ಮಕ್ಕಳ ಪ್ರಶ್ನೆಗೂ ತಾಳ್ಮೆಯಿಂದ ಹೇಳುತ್ತಾರೆ. ಮಗ ಒಂದು ಪ್ರಶ್ನೆ ಬರೆದಿದ್ದಾನೆ. ನನಗೆ ತೋರಿಸಿಯೇ ಕಳಿಸಿದ. ತಿಮೊಥೆಯ ಮನೆಯಲ್ಲಿ ಊಟದ ಮೊದಲು ಪ್ರಾರ್ಥನೆ ನಡೆಸುತ್ತಿದ್ದವರು ಯಾರಿರಬಹುದು ಅಂತ ಕೇಳಿದ್ದಾನೆ. ಕೆಳಗೆ ತನ್ನ ಹೆಸರು, ವಯಸ್ಸು, ದಾವಣಗೆರೆ, ಕರ್ನಾಟಕ ಅಂತ ಹಾಕಿದ್ದಾನೆ. ಮೂರು ವಾರ ಆಯಿತು. ಇನ್ನೂ ಬಂದಿಲ್ಲ. ಶುಕ್ರವಾರ ನನಗೆ ರಾತ್ರಿ ಪಾಳಿ ಇದ್ದರೆ, ಎಂಟು ಗಂಟೆಗೆ ಹೊರಡುವ ಮೊದಲು ಇಬ್ಬರೂ ಕೂತು ಕೇಳುತ್ತೇವೆ.